ಹಗೇವಿನ ಮೇಲೆ ಕೂತವಳು

ಹಸ್ತ ಮಳೆ ಮಧ್ಯಾಹ್ನದಿಂದ ಬಿಟ್ಟಿರಲಿಲ್ಲ. ಭಾಲ್ಕಿಯಿಂದ ಔರಾದಿಗೆ ಹೋಗುವ ದಾರಿಯ ಆ ಹಳ್ಳಿಯಲ್ಲಿ ದೀಪ ಹಚ್ಚುವ ಹೊತ್ತಿಗೇ ಕರೆಂಟು ಹೋಗಿ, ಮಲ್ಲಿಕಾರ್ಜುನಪ್ಪನ ಮನೆಯವರೆಲ್ಲ ಪಡಸಾಲೆಯಲ್ಲಿ ಕಂದೀಲಿನ ಸುತ್ತ ಸೇರಿದ್ದರು. ಮರುದಿನ ಕಲ್ಲಿನ ಕೆಲಸದವರು ಬರುವವರಿದ್ದರು. ಪಡಸಾಲೆಯ ಕೆಳಗಿನ ಹಳೆಯ ಹಗೇವನ್ನು, ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲಗುಂಡಿಯನ್ನು, ಮಣ್ಣು ಹಾಕಿ ಮುಚ್ಚಿ ಮೇಲೆ ಶಹಾಬಾದಿ ಫರಸಿಕಲ್ಲು ಹಾಸುವುದೆಂದು ಮಾತಾಗಿತ್ತು. ಆ ಮಾತಾದಾಗಿನಿಂದ ಅವನ ತಾಯಿ ಕಸ್ತೂರಿಬಾಯಿ ಸರಿಯಾಗಿ ಊಟ ಮಾಡಿರಲಿಲ್ಲ.

ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿಯ ಮೇಲೆಯೇ ಅವಳ ಚಾಪೆ. ನಲವತ್ತೈದು ವರ್ಷದಿಂದ ಆ ಜಾಗ ಬಿಟ್ಟು ಬೇರೆ ಕಡೆ ಮಲಗಿದವಳಲ್ಲ. ಮೊಮ್ಮಕ್ಕಳು ಪಡಸಾಲೆಯಲ್ಲಿ ಧಡಧಡ ಓಡಿದರೆ ಮೈಮೇಲೆ ಬಂದವಳಂತೆ ಬೈಯುತ್ತಿದ್ದಳು. ಮುದುಕಿಗೆ ಸಪ್ಪಳ ಸೇರುವುದಿಲ್ಲ ಎಂದು ಎಲ್ಲರೂ ನಕ್ಕು ಸುಮ್ಮನಾಗಿದ್ದರು.

ಮೊಮ್ಮಗಳು ಗಂಟು ಬಿದ್ದಳು. “ಆಯಿ, ದೆವ್ವದ ಕತಿ ಹೇಳು. ಹುಣಸಿಗಿಡದ್ದು ಬ್ಯಾಡ, ಅದು ಹಳೇದಾತು.”

ಕಸ್ತೂರಿಬಾಯಿ ಸೊಸೆಯ ಕಡೆ ನೋಡಿದಳು, ಮಗನ ಕಡೆ ನೋಡಿದಳು. ಹೇಳದಿದ್ದರೆ ನಾಳೆ ಮಣ್ಣು ಬೀಳುತ್ತದೆ. ಹೇಳಿದರೆ ಈ ಮುಖಗಳು ಮತ್ತೆಂದೂ ತನ್ನನ್ನು ಹೀಗೆ ನೋಡಲಿಕ್ಕಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

“ಕೇಳ್ರಿ ಹಂಗಾದ್ರ. ನಡುವ ಯಾರೂ ಮಾತಾಡಬ್ಯಾಡ್ರಿ. ಒಮ್ಮಿ ನಿಂತ್ರ ನನ್ನ ಬಾಯಿಲೆ ಮುಂದ ಹೇಳೂದಾಗೂದಿಲ್ಲ.

“ರಜಾಕಾರರ ಕಾಲ ಅದು. ನನ್ನ ತಮ್ಮ ಶಿವರಾಜಪ್ಪ ಅವರ ವಿರುದ್ಧ ಓಡ್ಯಾಡ್ತಿದ್ದ, ಹೊಲದಾಗಿನ ಗುಡಸಲದಾಗ ಅಡಗಿದ್ದ. ಅವನ ಸಲುವಾಗಿ ನಾ ಒಂದ ಗಾದಿ ಮಾಡಿಸಿದ್ದೆ. ಹತ್ತಿ ಹಿಂಜಿದಾಂವ ಸುಭಾನ... ಬೀದರ ಶಹರದಿಂದ ಬಂದು ನಮ್ಮ ಓಣ್ಯಾಗ ಮನಿ ಮಾಡಿದ್ದ ಪಿಂಜಾರ. ನನಗ ಅಕ್ಕಾ ಅಂತಿದ್ದ. ಗಾದಿ ಯಾರಿಗೆ ಅಂತ ಅಂವ ಕೇಳಲಿಲ್ಲ, ನಾ ಹೇಳಲಿಲ್ಲ, ಆದ್ರ ಅದು ಹೊಲಕ್ಕ ಹೋದದ್ದು ನೋಡಿದ್ದ. ಎಂಟ ದಿನಕ್ಕ ರಜಾಕಾರರು ಹೊಲಕ್ಕ ಬಂದು ನನ್ನ ತಮ್ಮಗ ಗುಂಡ ಹಾಕಿದ್ರು. ಅದೇ ಗಾದ್ಯಾಗ ಸುತ್ತಿ ಮನಿಗೆ ತಂದ್ರು ಅವನ್ನ... ಆವತ್ತ ನನ್ನ ತಲ್ಯಾಗ ಒಂದ ಹೆಸರು ಕೂತಿತು. ಯಾರೂ ಹೇಳಿದ್ದಲ್ಲ, ನಾನೇ ಕೂಡಿಸಿಕೊಂಡೆ.

“ಮುಂದ ಎರಡ ತಿಂಗಳಿಗೆ ಪೊಲೀಸ್ ಆಕ್ಷನ್ ಆತು. ಮಿಲ್ಟ್ರಿ ಬಂತು, ನಿಜಾಮ ಶರಣಾದ, ಇನ್ನ ಎಲ್ಲಾ ಚಲೋ ಆತು ಅಂದ್ವಿ. ಎಲ್ಲೀ ಚಲೋ? ಸೇಡ ತೀರಿಸ್ಕೊಳ್ಳಾಕ ಹೊಂಟ ಮಂದಿ ಕೊಡ್ಲಿ ಹಿಡ್ದು ಮುಸಲ್ಮಾನರ ಮನಿ ಹುಡುಕ್ಕೋತ ಊರಿಂದ ಊರಿಗೆ ತಿರುಗಿದ್ರು. ತಪ್ಪ ಮಾಡಿದಾಂವ ಯಾರು, ಮಾಡದಾಂವ ಯಾರು, ಕೇಳಾವ್ರೇ ಇಲ್ಲ. ಇಂಥದೇ ಮಳಿ. ನಿಮ್ಮ ಅಜ್ಜ ಹೊಲಕ್ಕ ಹೋಗಿದ್ದ, ಮನ್ಯಾಗ ನಾ ಒಬ್ಬಾಕಿನೇ. ಹಿತ್ತಲ ಬಾಗಲದಾಗ ಸುಭಾನ ನಿಂತಿದ್ದ. ಹೆಂಡ್ತಿ ವಜೀರಬೀನ್ನ ತವರಿಗೆ ಕಳಿಸೀನಿ ಅಂದ. ತೊಯ್ದ ಮೈಗೆಲ್ಲಾ ಹತ್ತಿ ಅಂಟಿತ್ತು. ‘ಅಕ್ಕಾ, ಒಂದ ತಾಸು ಎಲ್ಯಾರ ಮುಚ್ಚಿಡು’ ಅಂದ. ಇಬ್ಬರೂ ಕೂಡಿ ಈ ಚಪ್ಪಡಿ ಸರಿಸಿದ್ವಿ.

“ಈಗ ಖರೆ ಹೇಳೂ ಹೊತ್ತು... ಹಗೇವು ತೆಗದ ಕೂಡಲೆ ಯಾರರ ಇಳೀತಾರೇನು? ಒಂದ ದಿನ ಬಾಯಿ ತೆರದ ಇಡಬೇಕು, ಒಳಗಿನ ಕೆಟ್ಟ ಗಾಳಿ ಹೋಗಬೇಕು, ಆಮ್ಯಾಲ ಹಗ್ಗಕ್ಕ ದೀಪ ಕಟ್ಟಿ ಬಿಡಬೇಕು. ದೀಪ ಆರಿದ್ರ ಇಳಿಯೂ ಹಂಗಿಲ್ಲ. ಒಕ್ಕಲ ಮನ್ಯಾಗ ಸಣ್ಣ ಹುಡುಗರಿಗೂ ಇದು ಗೊತ್ತು. ಶಹರದ ಪಿಂಜಾರಗ ಏನ ಗೊತ್ತು? ನನಗ ಗೊತ್ತಿತ್ತು. ಗೊತ್ತಿದ್ದೇ ಇಳಿ ಅಂದೆ. ಒಳಗ ಅರ್ಧ ಜೋಳ ಇತ್ತು, ಅದರ ಮ್ಯಾಲ ಮುದುಡಿ ಕೂತ. ‘ನಿನ್ನ ಉಪಕಾರ ಮರೆಯಾಂವಲ್ಲ’ ಅಂದ. ಮುಚ್ಚಿದೆ. ಮುಚ್ಚಿ, ಚಾಪಿ ಹಾಸಿ, ಮ್ಯಾಲ ಕೂತು ಜೋಳ ಹಸನ ಮಾಡ್ಲಾಕ ಹತ್ತಿದೆ.

“ಮಂದಿ ಬಂದ್ರು. ಪಡಸಾಲಿ ತುಂಬ ಧಡಧಡ ತಿರುಗಿ ಹೋದ್ರು. ಎಷ್ಟೊತ್ತು? ಎಲಿ ಅಡಿಕಿ ಹಾಕ್ಕೊಳ್ಳೂವಷ್ಟು. ಮುಗೀತಲ್ಲ? ಎದ್ದು ತೆಗೀಬೇಕಿತ್ತಲ್ಲ? ಕೆಳಗಿಂದ ಕೇಳಿದ, ‘ಅಕ್ಕಾ, ಹೋದ್ರಾ?’ ನಾ ಅಂದೆ, ‘ಇನ್ನೂ ಅದಾರ, ಸುಮ್ಮ ಇರು.’

“ಸ್ವಲ್ಪ ಹೊತ್ತಿಗೆ ಮತ್ತ... ‘ಅಕ್ಕಾ, ಹೋದ್ರಾ?’ ‘ಅದಾರ’ ಅಂದೆ.

“ಮೂರನೇ ಸಲ ಅವನ ದನಿ ನಿದ್ದಿಗೆ ಬಂದ ಕೂಸಿನ ದನಿ ಆಗಿತ್ತು. ಆಗರ ಏಳಬೇಕಿತ್ತು ನಾ. ‘ಅದಾರೋ ಮಾರಾಯ’ ಅಂದೆ... ನಾಕನೇ ಸಲ ಕೇಳಲಿಲ್ಲ.”

ಮಲ್ಲಿಕಾರ್ಜುನಪ್ಪ ತಾಯಿಯ ಕಡೆ ಬಾಗಿದ. “ಅವ್ವಾ, ನೀ ಅವನ್ನ ಉಳಸ್ಲಾಕ ನೋಡಿದ್ದಿ ಅಂತ ಊರೆಲ್ಲಾ...”

“ಅದನ್ನೇ ಹೇಳ್ಲಾಕತ್ತೀನಿ. ಸಂಜಿಕ ನಿಮ್ಮಪ್ಪ ಬಂದು ಹೆಣ ಎತ್ತಿದ. ಇಂಥಾ ಹೊತ್ತಿನ್ಯಾಗ ಆಸರ ಕೊಟ್ಟ ಪುಣ್ಯಾತಗಿತ್ತಿ, ಪಾಪ ಅವನ ಆಯುಷ್ಯಾನೇ ಇರ್ಲಿಲ್ಲ ಅಂದ್ರು ಜನ. ನಾ ಹೂಂ ಅಂದೆ. ವಜೀರಬೀ ಬಂದು ನನ್ನ ಕಾಲ ಹಿಡಿದು ಅತ್ಲು. ಗಂಡ ಕಡೀಕ ಹಿಂಜಿದ ಹತ್ತೀಲೆ ಒಂದ ರಜಾಯಿ ಹೊಲ್ದು ತಂದು ಕೊಟ್ಲು. ಸಂದೂಕದಾಗ ಅದ, ಒಂದ ಚಳಿಗೂ ಹೊದ್ದಿಲ್ಲ ನಾ. ಬೈದಿದ್ರ, ಶಾಪ ಹಾಕಿದ್ರ ತಡಕೋತಿದ್ದೆ... ಕಾಲ ಹಿಡಿದ್ಲಲ್ಲ!

“ಆರ ತಿಂಗಳ ಮ್ಯಾಲ ಗೊತ್ತಾತು. ನನ್ನ ತಮ್ಮನೇ ಕಮಲನಗರ ಸಂತಿಗೆ ಹೋಗಿದ್ದ, ಅಲ್ಲಿ ಗುರುತ ಹಿಡಿದು ಬೆನ್ನ ಹತ್ತಿದ್ರು. ಸುಭಾನಂದು ಏನೂ ಇರ್ಲಿಲ್ಲ. ಇದ್ದಿದ್ರೂ? ಇದ್ದಿದ್ರ ನಾ ಮಾಡಿದ್ದು ಬ್ಯಾರೆ ಆಗ್ತಿತ್ತೇನು?

“ದೆವ್ವದ ಕತಿ ಕೇಳಿದ್ರಿ ನೀವು. ದೆವ್ವ ಸೇಡಿಗೆ ಬರ್ತದ ಅಂತಾರ. ಬಂದು ನನ್ನ ಕುತ್ತಿಗಿ ಹಿಚುಕಿದ್ರ ನಾ ತಣ್ಣಗ ಆಗ್ತಿದ್ದೆ. ಇಂವ ಹಂಗ ಬರ್ಲಿಲ್ಲ. ಪಡಸಾಲ್ಯಾಗ ಯಾರರ ಜೋರ ನಡದ್ರ ಸಾಕು, ಆ ಮಂದಿನೇ ಬಂದ್ರು ಅಂತ ಕೆಳಗ ಉಸಿರ ಹಿಡಿತಾನ. ಸಪ್ಪಳ ನಿಂತ ಮ್ಯಾಲ ಮೆಲ್ಲಕ ಕೇಳ್ತಾನ, ‘ಅಕ್ಕಾ, ಹೋದ್ರಾ?’ ಅವಗ ಇನ್ನೂ ನನ್ನ ಮ್ಯಾಲ ಭರೋಸ ಅದ. ನಾ ಏನ ಮಾಡೀನಿ ಅಂಬೂದೇ ಗೊತ್ತಿಲ್ಲ. ಗೊತ್ತಿಲ್ದಾಂವ ಹ್ಯಾಂಗ ಮಾಫ್ ಮಾಡ್ಯಾನು? ‘ಹೋದ್ರು, ಮ್ಯಾಲ ಬಾ’... ಇಷ್ಟೇ ಮಾತು. ನಲವತ್ತೈದ ವರ್ಷ ಬಾಯಿಗೆ ಬಂದಿಲ್ಲ. ಮ್ಯಾಲ ಬಂದ್ರ ಅವನ ಮಾರಿ ನೋಡಬೇಕಲ್ಲ! ಇನ್ನೂ ಅದಾರ ಅಂತೀನಿ. ಸುಳ್ಳಲ್ಲ ಅದು. ಕೊಂದವರಾಗ ಒಬ್ಬಾಕಿ ಇನ್ನೂ ಇಲ್ಲೇ ಕೂತೀನಲ್ಲ.”

ಕಸ್ತೂರಿಬಾಯಿ ಚಾಪೆ ಸುತ್ತಿಟ್ಟು, ಗೋಡೆ ಹಿಡಿದು ಚಪ್ಪಡಿಯ ಪಕ್ಕಕ್ಕೆ ಸರಿದು ಕೂತಳು. ಮಗನ ಮುಖ ನೋಡುವ ಧೈರ್ಯ ಇರಲಿಲ್ಲ. “ಮಣ್ಣ ಹಾಕೂಕಿಂತ ಮೊದಲ ಬಾಯಿ ತೆಗಸು. ಒಂದ ದಿನ ಬಿಟ್ಟು ದೀಪ ಇಳಸು. ಅಂವ ಕೇಳ್ತಾನ. ನೀವರ ಹೇಳ್ರಿ, ಹೋದ್ರು ಅಂತ.”

ಮೊಮ್ಮಗಳು ಹೆದರಿ ತಾಯಿಯ ತೊಡೆಗೆ ಓಡಿದಳು. ಧಡ ಧಡ ಧಡ, ಚಪ್ಪಡಿಯ ಮೇಲಿಂದ ಮೂರು ಹೆಜ್ಜೆ. ಆಮೇಲೆ ಸಪ್ಪಳ ನಿಂತಿತು.

ಮುದುಕಿ ಒಂದು ಬೆರಳೆತ್ತಿದಳು. “ಕೇಳಿದ್ನಲ್ಲ ಈಗ... ಹೇಳ್ರಿ ಯಾರರ.”

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಡೆಗೆ ನೆಲದ ಕಡೆ ಬಾಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದಳು.

“ಇನ್ನೂ ಅದಾರ, ತಮ್ಮಾ... ಸುಮ್ಮ ಇರು.”