ಮರಳಲ್ಲಿ ಉಜ್ಜಬೇಕಾದ ಬೀಜ

ಕೃಷಿ ಕಚೇರಿಯ ವರಾಂಡದಲ್ಲಿ ಒಂದು ಸಹಿಗಾಗಿ ಕಾಯುತ್ತಿದ್ದ ಟೀಚರಮ್ಮನ ಕಿವಿ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ನರ್ಸರಿಯ ಕೆಲಸದಾಕೆ ತನ್ನ ನಾದಿನಿಯ ಮುಂದೆ ಸಿಟ್ಟು ಕಾರುತ್ತಿದ್ದಳು.

“ಕಾಡುನೀಲಿ ಗಿಡ ಹೊಲಕ್ಕೆ ಒಳ್ಳೇ ಹಸಿರು ಗೊಬ್ಬರ, ಬೇರು ಹೊಟ್ಟೆನೋವಿಗೆ ಮದ್ದು ಅಂತೆಲ್ಲ ಹೋದ ವರ್ಷ ಈ ಆಫೀಸಿನ ಸಾಹೇಬ್ರಿಗೆ ಹೇಳಿಕೊಟ್ಟೋಳು ನಾನು ಕಣೇ.”

“ಗೊತ್ತು ಅತ್ತಿಗೆ. ಬರ್ಕೊಂಡು ಹೋಗಿದ್ರಲ್ಲ.”

“ಈ ವರ್ಷ ತರಬೇತಿ ಅಂತ ನನ್ನನ್ನೇ ಕೆಳಗೆ ಕೂರಿಸಿ, ನನಗೇ ಆ ಪಾಠ ಮಾಡಿದ್ರು. ಕೊನೇಲಿ ‘ಅರ್ಥ ಆಯ್ತೇನಮ್ಮ’ ಅಂತ ಬೇರೆ ಕೇಳಿದ್ರು.”

“ನೀವೇನಂದ್ರಿ?”

“ಏನನ್ಲಿ? ತಲೆ ಆಡಿಸಿದೆ. ಚಪ್ಪಾಳೆನೂ ಹೊಡೆದೆ, ಈ ಕೈಗೆ ಬುದ್ಧಿ ಇಲ್ಲ.”

ನಾದಿನಿ ನಗು ತಡೆದುಕೊಂಡಳು. “ಈಗ್ಯಾಕೆ ಕರೆಸಿದ್ದಾರಂತೆ?”

“ಅವರು ಊರೂರಿಗೆ ಹಂಚಿದ ಬೀಜ ಮೊಳೀಲೇ ಇಲ್ವಂತೆ. ಬೀಜ ಆರಿಸಿಕೊಟ್ಟೋಳು ನಾನು, ಅದಕ್ಕೆ ತಪ್ಪೂ ನಂದೇ.”

“ಬೀಜ ಕೆಟ್ಟಿತ್ತಾ?”

“ಚಿನ್ನದಂಥ ಬೀಜ. ಸಿಪ್ಪೆ ಗಟ್ಟಿ, ಅಷ್ಟೆ. ಬಿತ್ತೋಕೆ ಮೊದಲು ಮರಳಲ್ಲಿ ಉಜ್ಜಿ ನೆನೆಹಾಕಬೇಕು. ಅದನ್ನ ಹೇಳೋ ಹೊತ್ತಿಗೆ ಅವರು ‘ಸಾಕಮ್ಮ’ ಅಂತ ಪುಸ್ತಕ ಮುಚ್ಚಿದ್ರು.”

“ಈಗ ಹೇಳ್ತೀರಾ?”

“ಹೇಳದೆ ಏನು? ಬೀಜ ಏನು ಪಾಪ ಮಾಡಿದೆ? ಆದ್ರೆ ಗುಟ್ಟಾಗಿ ಹೇಳಲ್ಲ. ನಾನು ಹೇಳಿದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬೇಕು.”

ಅಷ್ಟರಲ್ಲಿ ಜವಾನ ಬಂದು ಕರೆದ. ಅವಳು ಎದ್ದು ನಾದಿನಿಯ ಕೈ ಹಿಡಿದಳು.

“ನೀನೂ ಬಾ. ‘ಅರ್ಥ ಆಯ್ತೇನ್ರಿ’ ಅಂತ ಅವರನ್ನ ಕೇಳೋವಾಗ ನನಗೊಂದು ಸಾಕ್ಷಿ ಬೇಕು.”

ಇಬ್ಬರೂ ಒಳಗೆ ಹೋದರು. ಜವಾನ ಹಿಂದಿನಿಂದ ಬಾಗಿಲು ಎಳೆಯಹೋದ.

“ತೆಗೆದೇ ಇರ್ಲಿ ಅಣ್ಣ,” ಎಂದಿತು ಒಳಗಿನಿಂದ ನರ್ಸರಿಯಾಕೆಯ ದನಿ.