ಕಾದಂಬರ್ಯಾಗಿನ ಗಂಗವ್ವನ ಕುಬಸ

ಅಲ್ಲಾ, ಹಂಗ ಗ್ವಾಡಿಗೆ ಚೀಟಿ ಹಚ್ಚಿ ಹಚ್ಚಿ ಕಾದಂಬರಿ ಆಗತೈತೇನು, ಸುನೀ? ನಾನೂ ಮಾಡೇನಿ ಅದನ್ನ. ಎಪ್ಪತ್ತನೇ ಇಸ್ವಿ ಮ್ಯಾಲಿನ ಮಾತು, ಸೋಲಾಪುರದಾಗ ನಿಮ್ಮಜ್ಜನ ಅರಿವಿ ಅಂಗಡಿ ಇತ್ತಲ್ಲ, ಅಲ್ಲಿಂದ ಅರಿವಿ ಸುತ್ತಿದ ರಟ್ಟು ತರೂದು, ಒಂದೊಂದರ ಮ್ಯಾಲ ಒಂದೊಂದು ಅಧ್ಯಾಯ ಬರಿಯೂದು, ಹಾಸಿಗಿ ಮ್ಯಾಲ ಸಾಲಾಗಿ ಇಡೂದು. ಇದು ಮೊದಲೋ, ಅದು ಮೊದಲೋ. ಇಟ್ಟೆ, ತಗದೆ, ಇಟ್ಟೆ, ತಗದೆ. ಕಾದಂಬರಿ ಮಾತ್ರ ಒಂದು ಹಾಳಿ ಆಗಲಿಲ್ಲ. ತಲಿ ಕೆಟ್ಟು ಹೋಗಿತ್ತು ನೋಡು.

ಬ್ಯಾಸಿಗ್ಯಾಗ ಚಪಳಗಾಂವಕ್ಕ ನಮ್ಮ ಅತ್ತಿ, ನಿಮ್ಮಜ್ಜನ ಅವ್ವನ ಹಂತ್ಯಾಕ ಹೋದೆ. ಅಲ್ಲಿ ಶಾವಗಿ ಹೊಸಿಯೂದು ನಡದಿತ್ತು, ಓಣಿ ಹೆಣ್ಮಕ್ಕಳೆಲ್ಲಾ ಕುಂತಿದ್ರು. ಕಾದಂಬರಿ ಅಂದ್ರ ನಗತಾರಂತ ನಾ ಏನ್ ಮಾಡಿದೆ, 'ಮಂಗಳವೇಢ್ಯಾಗ ನಮ್ಮ ದೂರದ ಪೈಕಿ ಗಂಗವ್ವ ಅಂತ ಒಬ್ಬಾಕಿ ಅದಾಳ' ಅಂತ ಶುರು ಮಾಡಿದೆ. ನನ್ನ ನಾಯಕಿ ಆಕಿ, ತಿಳೀತಿಲ್ಲೋ? ಬಸರಿ, ಗಂಡ ಬಿಟ್ಟು ಹೋಗ್ಯಾನ, ತವರಾಗ ಯಾರೂ ಇಲ್ಲ. ದಿನಾ ಒಂದೀಟು ಹೇಳೂದು. ಹೊಲದ ವರ್ಣನಾ ಬಂದ್ರ 'ಏ, ಆ ಹಿಟ್ಟು ಇತ್ತಾಗ ತಾ' ಅಂತಿದ್ರು. ಎಷ್ಟು ಚಂದ ಕಟ್ಟಿದ್ದೆ ಅದನ್ನ! ಗಂಗವ್ವನ ಅತ್ತಿ ಬಾಯಿ ತಗದ್ರ ಮಾತ್ರ ಎಲ್ಲಾರ ಕೈ ನಿಲ್ಲತಿದ್ವು. ನಾ ಸಂಜೀಕ ಕುಂತು ಕೈ ನಿಂತಷ್ಟ ಬರದೆ, ಉಳಿದದ್ದು ರದ್ದಿ. ಹಾಳಿ ಮ್ಯಾಲ ಹಾಳಿ ಆದ್ವು.

ಆದ್ರ ರಟ್ಟಿನ ಪ್ರಕಾರ ಗಂಗವ್ವ ಹೆರಿಗ್ಯಾಗ ಸಾಯಬೇಕು. ಇಡೀ ಕಾದಂಬರಿ ಅದರ ಮ್ಯಾಲ ನಿಂತಿತ್ತು. ಅವತ್ತು ಸಾಯಸಬೇಕಂತ ಕುಂತೀನಿ, ಅತ್ತಿ ಒಳಗಿಂದ ಹಸರ ಸೀರಿ, ಖಣ, ಬಳಿ ತಂದು ನನ್ನ ಮುಂದ ಇಟ್ರು. 'ತವರಿಲ್ಲದಾಕಿ, ಕುಬಸಾ ಯಾರ್ ಮಾಡತಾರ ಆಕಿಗೆ? ನಾಳಿ ಎಸ್‌ಟೀ ಬಸ್ಸು ಹಿಡದು ಹೋಗಿ ಉಡಿ ತುಂಬಿ ಬಾ.'

'ಅತ್ತೀ, ಆಕಿ ಇಲ್ಲರಿ.'

'ಇಲ್ಲಂದ್ರ? ಸತ್ಲೇನು?'

'ಹುಟ್ಟೇ ಇಲ್ಲರಿ. ನಾ ಕಟ್ಟಿದ ಕಥಿರಿ.'

ನನಗ ನೆಲಾ ಬಾಯಿ ಬಿಟ್ರ ಸಾಕಾಗಿತ್ತು. ಅತ್ತಿ ಸಿಟ್ಟಿಲೆ ಅಂದ್ರು, 'ನೀನ ಕಟ್ಟೀದಿ ಅಂದ್ರ ಆ ಹುಡಿಗಿಗೆ ಇಷ್ಟು ತ್ರಾಸ ಯಾಕ್ ಕೊಟ್ಟಿ? ಮೊದಲು ಸುಖರೂಪ ಹಡಸು. ಅಲ್ಲೀತನಾ ನನ್ನ ಸಂಗಟ ಮಾತಾಡಬ್ಯಾಡ.' ಖರೇನ ಮಾತು ಬಿಟ್ರು, ನೀರು ಬೇಕಂದ್ರೂ ಮಂದಿ ಕಡಿಂದ ಹೇಳಿ ಕಳಸೂದು.

ಏನ್ ಮಾಡ್ಲಿ? ಸೋಲಾಪುರಕ್ಕ ಬಂದು ಎಲ್ಲಾ ರಟ್ಟು ಒಲಿಗೆ ಹಾಕಿದೆ, ಗಂಗವ್ವನ್ನ ಹಡಸಿದೆ. ಓದಿ ಹೇಳಾಕ ಮತ್ತ ಹೋದೆ. ಅತ್ತಿ ಮಾರಿ ತಿರುವಿ ಮರದಾಗ ಜ್ವಾಳಾ ಕೇರಿ ಹಸನ ಮಾಡಾಕತ್ತಿದ್ರು. ಕೂಸು ಅತ್ತಿತು ಅಂತ ಓದಿದೆ ನೋಡು, ಮರದಾಗಿನ ಕೈ ನಿಂತ್ವು. 'ಹೆಣ್ಣೋ ಗಂಡೋ?' ಅಂದ್ರು.

ಅದಕ್ಕ ಹೇಳತೀನಿ, ಚೀಟಿ ಕಿತ್ತು ಒಗಿ. ಕೆಲಸಾ ಮಾಡೋರ ಮುಂದ ಕುಂತು ಹೇಳು. ಏಳು, ಆ ಶೇಂಗಾ ಬುಟ್ಟಿ ತಾ ಇಲ್ಲೆ, ಸುಲಕೋತ ಕೇಳತೀನಿ.