ಅರ್ಧಕ್ಕೇ ನಿಂತ ಮುಳ್ಳು

ಹುಕ್ಕೇರಿಯ ಸಂತೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಸಾತವ್ವನಿಗೆ ಎದುರಿನ ಸಣ್ಣ ಟ್ರಕ್ಕಿನ ಬಳಿ ಇಬ್ಬರ ಮಾತು ಕೇಳಿಸಿತು. ಟ್ರಕ್ಕು ಹೊಳೆಪ್ಪನದು. ಮೊನ್ನೆ ಒಂದು ದಿನಕ್ಕೆಂದು ಅದನ್ನು ಕೇಳಿ ಒಯ್ದವನು ಅವನ ನೆರೆಮನೆಯ ದುಂಡಪ್ಪ.

“ಹೊರಡೂ ಮುಂದ ನಿಮ್ಮನ್ನ ಕೇಳಿದ್ನಿ, ಕಾಕಾ. ಮುಳ್ಳು ಅರ್ಧಕ್ಕ ಐತಿ, ಪೆಟ್ರೋಲಿನ ಚಿಂತಿ ಬ್ಯಾಡ ಅಂದ್ರಿ.”

“ಅಂದಿದ್ನಿ.”

“ಮೇಲವಂಕಿ ಇನ್ನೂ ಎರಡು ಹರದಾರಿ ಇತ್ತು, ಗಾಡಿ ನಿಂತಬಿಡ್ತು. ಟಾಕಿ ಒಣಾ ಒಣಾ. ಮುಳ್ಳು ಮಾತ್ರ ಅರ್ಧಕ್ಕ ಇತ್ತು. ತುಂಬಿಸಿದ ಮ್ಯಾಲೂ ಅಲ್ಲೇ ಐತಿ, ನೋಡ್ರಿ.”

“ನಾನೂ ಅದನ್ನ ನಂಬಿ ಓಡಸ್ತೇನಪಾ. ನನಗ ಒಂದಿನಾನೂ ಕೈ ಕೊಟ್ಟಿಲ್ಲ.”

“ಹೆಣ್ಣ ನೋಡಾಕ ಹೊಂಟಿದ್ದ ನನ್ನ ತಮ್ಮನ್ನ ಕರ್ಕೊಂಡು ಹುಡುಗಿ ಮನಿಗೆ ನಡಕೋತ ಹೋದ್ನಿ. ನಾವು ಮುಟ್ಟೂದ್ರಾಗ ಅಲ್ಲಿ ಲಗ್ನದ ಮಾತು ಮುಗದು ಸಕ್ಕರಿ ಹಂಚಾಕತ್ತಿದ್ರು.”

“ಯಾರಿಗೆ ಕೊಟ್ರಂತ ಹುಡುಗೀನ?”

“ನಿಮ್ಮ ತಂಗಿ ಮಗಗ. ಚಕ್ಕಡಿ ಕಟ್ಕೊಂಡು ನಮಗಿಂತ ಮೊದಲ ಬಂದಿದ್ದ. ನಿಮಗ ಗೊತ್ತಿರಲಿಲ್ಲೇನ್ರಿ?”

ಹೊಳೆಪ್ಪ ಹೆಗಲ ಮೇಲಿನ ವಸ್ತ್ರದಿಂದ ನಿಧಾನವಾಗಿ ಮುಖ ಒರೆಸಿಕೊಂಡ.

“ಎಲ್ಲಾ ಋಣಾನುಬಂಧ, ತಮ್ಮಾ.”

ದುಂಡಪ್ಪ ಚಾವಿಯನ್ನು ಅವನ ಕೈಗೆ ಕೊಡದೆ ಸೀಟಿನ ಮೇಲಿಟ್ಟು ಸಂತೆಯ ಗದ್ದಲದೊಳಗೆ ಹೊರಟುಹೋದ.

ಅವನು ಮರೆಯಾಗುವವರೆಗೆ ಕಾದ ಹೊಳೆಪ್ಪ, ಕಂಕುಳಲ್ಲಿದ್ದ ಕೊಡೆಯ ಮಡಿಕೆಯಿಂದ ಉದ್ದನೆಯ ಬಿದಿರಿನ ಕಡ್ಡಿಯೊಂದನ್ನು ಎಳೆದ. ಬೆರಳಗಲಕ್ಕೊಂದು ಗೆರೆ ಕೊರೆದಿದ್ದ, ಹಿಡಿದು ಹಿಡಿದು ನುಣುಪಾದ ಹಳೆಯ ಕಡ್ಡಿ. ಅದನ್ನು ಟಾಕಿಯೊಳಗೆ ಇಳಿಬಿಟ್ಟು, ಮೇಲೆತ್ತಿ, ಎಲ್ಲಿಯವರೆಗೆ ತೊಯ್ದಿದೆ ಎಂದು ನೋಡಿಕೊಂಡ.

ಆಮೇಲೆ ಮುಳ್ಳಿನ ಕಡೆ ಕಣ್ಣೂ ಹಾಯಿಸದೆ ಗಾಡಿ ಹೊರಡಿಸಿದ.